ತಾಸಿಗೆ ಎಂಟು ಕಿಲೋಮೀಟರು

ಹೇಳಿಬಿಡಲೇ? ಕೇಳಿದ್ದು ಗಾಡಿಯ ವೇಗ ಎಷ್ಟು ಅಂತ ತಾನೇ, ಅದರಲ್ಲೇನಿದೆ? ಆದರೆ ತಾಸಿಗೆ ಎಂಟು ಕಿಲೋಮೀಟರು ಎಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಈ ಊರಿನಲ್ಲಿ ಅಷ್ಟು ನಿಧಾನಕ್ಕೆ ಹೋಗುವುದು ಎರಡೇ: ಗಬ್ಬದ ಹಿಮಸಾರಂಗ, ಮತ್ತು ದಿನಾ ಬೆಳಗ್ಗೆ ಏಳಕ್ಕೆ ಸ್ಕೀ ಕಟ್ಟಿಕೊಂಡು ಹೆಪ್ಪುಗಟ್ಟಿದ ಸರೋವರ ದಾಟುವ ಸಿರ್ಕಾ. ಹಿಮಸಾರಂಗಗಳು ಸರೋವರದ ಕಡೆ ಸುಳಿಯುವುದಿಲ್ಲ. ಸಿರ್ಕಾ ಎಂದರೆ ಈಗ ಪ್ರಶ್ನೆ ಕೇಳಿದವನ ತಂಗಿ.

"ಮಾಮೂಲಿ ವೇಗ," ಎಂದ ಐಮೊ.

"ಮಾಮೂಲಿ ಅಂದ್ರೆ?"

"ಎಲ್ರೂ ಹೋಗೋ ಹಾಗೆ."

ತಾರ್ಮೊ ನಿಟ್ಟುಸಿರು ಬಿಟ್ಟ. ಈ ಏಪ್ರಿಲ್‌ನಲ್ಲಿ ಐಮೊನ ಹಿಮಬಂಡಿ ಅವನ ಶೆಡ್ಡಿಗೆ ಬಂದದ್ದು ಇದು ಮೂರನೆಯ ಸಲ. ಕೆಂಪು ದೀಪ ಹತ್ತುತ್ತದೆ, ಎಂಜಿನ್ ತಣಿಸಬೇಕಾದ ಕೂಲೆಂಟ್ ತಾನೇ ಕುದಿಯುತ್ತದೆ, ಮೂತಿಯಿಂದ ಹಬೆ ಏಳುತ್ತದೆ. ಮೊದಲ ಸಲ ತಾರ್ಮೊ ಕೂಲೆಂಟ್ ಮಟ್ಟ ನೋಡಿ ಮುಚ್ಚಳ ಬದಲಿಸಿದ. ಎರಡನೆಯ ಸಲ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆಯೆಂದು ಗಾಡಿಯ ಮೂತಿಯನ್ನು ತೊಲೆಗೆ ಎತ್ತಿ ಕಟ್ಟಿ, ಅರ್ಧ ದಿನ ಗುಳ್ಳೆ ಎಣಿಸಿದ. ಈಗ ಥರ್ಮೋಸ್ಟಾಟ್ ಬಿಚ್ಚಿ, ಹೆಂಡತಿಯ ಸೂಪಿನ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಇಳಿಬಿಟ್ಟಿದ್ದ. ನೀರು ಬಿಸಿಯಾದಂತೆ ಅದು ಮರ್ಯಾದೆಯಾಗಿ ತೆರೆದುಕೊಂಡಿತು.

"ನೋಡು, ಬಿಸಿ ತಾಗಿದ್ರೆ ಇದೂ ಬಾಯಿ ಬಿಡುತ್ತೆ. ನೀನು ಮಾತ್ರ ಬಿಡಲ್ಲ," ಎಂದ ತಾರ್ಮೊ. "ನಿನ್ನೆ ನಾನೇ ಇದನ್ನ ಕಾಡಿಗೆ ತಗೊಂಡ್ಹೋಗಿ ಚಚ್ಚಿ ಓಡಿಸ್ದೆ. ಕಪ್ಪೆ ಹೊಟ್ಟೆ ಥರ ತಣ್ಣಗಿತ್ತು ಮಾರಾಯ! ನನ್ನ ಕೈಲಿ ಸಾಧು, ನಿನ್ನ ಕೈಗೆ ಬಂದ್ರೆ ಜ್ವರ. ಏನ್ಮಾಡ್ತೀಯ ನೀನು ಇದಕ್ಕೆ?"

ಈ ಗಾಡಿಯ ಕೂಲೆಂಟ್ ಹರಿಯುವುದು ಸೀಟಿನ ಕೆಳಗೆ. ಅಡಿಯ ಪಟ್ಟಿ ಜೋರಾಗಿ ತಿರುಗಿ ಹಿಮ ಎರಚಿದರೆ ಮಾತ್ರ ಅದು ತಣಿಯುತ್ತದೆ. ನಿಧಾನಕ್ಕೆ ಹೋದರೆ ಎರಚುವುದಿಲ್ಲ. ಗಾಳಿ ಗುಡಿಸಿಟ್ಟ ಬೋಳು ಮಂಜುಗಡ್ಡೆಯಾದರೆ ಎರಚುವುದಕ್ಕೆ ಹಿಮವೂ ಇಲ್ಲ. ತಾರ್ಮೊನಿಗೆ ಇದು ಗೊತ್ತಿತ್ತು. ಐಮೊನಿಗೂ ಗೊತ್ತಿತ್ತು; ಅದಕ್ಕೇ ಅವನು ತುಟಿ ಹೊಲಿದುಕೊಂಡು ನಿಂತಿದ್ದ.

ಫೆಬ್ರವರಿಯಲ್ಲಿ ಒಮ್ಮೆ ಅವನು ಧೈರ್ಯ ಮಾಡಿ, ಹಿಂದೆ ಕೂತರೆ ಆಚೆ ದಡಕ್ಕೆ ಬಿಡುವೆನೆಂದು ಸಿರ್ಕಾಳಿಗೆ ಹೇಳಿದ್ದ. ಆ ದಡದ ಶಾಲೆಯಲ್ಲಿ ಅಡುಗೆ ಮಾಡುವ, ಹತ್ತು ವರ್ಷದಿಂದ ಒಂಟಿಯಾಗಿರುವ ಸಿರ್ಕಾ, "ಬೇಡಪ್ಪ, ನಂಗೆ ಸ್ಕೀನೇ ಇಷ್ಟ" ಎಂದಿದ್ದಳು. ಮರುದಿನದಿಂದ ಅವನು ಹತ್ತು ಮಾರು ಹಿಂದೆ, ಅವಳ ವೇಗದಲ್ಲೇ ಹೋಗತೊಡಗಿದ. ಎಂಜಿನ್ನಿನ ಸದ್ದಿನಲ್ಲಿ ಮಾತಿಗೆ ಜಾಗವಿರಲಿಲ್ಲ. ಆ ಇಪ್ಪತ್ತೈದು ನಿಮಿಷ ಏನೂ ಹೇಳದೆಯೇ ಅವಳ ಜೊತೆಗಿರಬಹುದಾಗಿತ್ತು. ದಿನದ ಉಳಿದ ಹೊತ್ತೆಲ್ಲ ಅದರ ಬಾಲದಂತೆ ಕಳೆಯುತ್ತಿತ್ತು. ಮಾರ್ಚ್ ಮುಗಿದು ಗಾಳಿ ಹಿಮವನ್ನು ಗುಡಿಸಿದ ಮೇಲೆ ಗಾಡಿ ಬಿಸಿಯೇರತೊಡಗಿತು. ಅದೂ ಸಭ್ಯ ಗಾಡಿಯೇ: ಅವಳು ದಡ ಹತ್ತಿ ಮರೆಯಾಗುವವರೆಗೆ ತಡೆದುಕೊಂಡು ಆಮೇಲೆ ಹಬೆ ಬಿಡುತ್ತಿತ್ತು.

ಆಗಲೇ ಶೆಡ್ಡಿನ ಬಾಗಿಲು ತೆರೆಯಿತು. ದಾಲ್ಚಿನ್ನಿ ಬನ್ನಿನ ತಟ್ಟೆ ಹಿಡಿದು ಸಿರ್ಕಾ ಒಳಗೆ ಬಂದಳು.

"ಮತ್ತೆ ಕೆಟ್ಟಿತಾ? ಅಣ್ಣ, ಇದನ್ನ ಒಂದ್ಸಲ ಸರಿಯಾಗಿ ನೋಡೋ. ಎರಡು ತಿಂಗಳಿಂದ ನೋಡ್ತಿದೀನಿ, ಬರೀ ತೆವಳುತ್ತೆ ಪಾಪ. ಸ್ಕೀನೂ ಹಿಂದೆ ಹಾಕೋಕಾಗಲ್ಲ ಇದಕ್ಕೆ!"

ತಾರ್ಮೊನ ಕೈಯ ಸ್ಪ್ಯಾನರ್ ನಿಂತಿತು. "ಸ್ಕೀನೂ?"

"ಹೂಂ. ನಾನು ಜೋರಾಗಿ ಹೋಗ್ಬಿಟ್ರೆ, ಇವನೊಬ್ಬನೇ ಮಧ್ಯೆ ಕೆಟ್ಟು ನಿಂತ್ಬಿಟ್ರೆ ಏನು ಗತಿ ಅಂತ ನಾನೂ ನಿಧಾನ ಮಾಡ್ದೆ. ನಾನು ನಿಧಾನ ಮಾಡಿದಷ್ಟೂ ಇದೂ ನಿಧಾನ! ಎರಡು ಸಲ ಮಕ್ಕಳ ಗಂಜಿಗೆ ಹತ್ತು ನಿಮಿಷ ತಡ ಆಯ್ತು."

ತಾರ್ಮೊ ತಂಗಿಯನ್ನು ನೋಡಿದ, ಐಮೊನನ್ನು ನೋಡಿದ. ಐಮೊ ಥರ್ಮೋಸ್ಟಾಟನ್ನು ಈ ಲೋಕದಲ್ಲಿ ಮೊದಲ ಬಾರಿಗೆ ಕಂಡವನಂತೆ ನೋಡುತ್ತಿದ್ದ. ಗಾಡಿ ಸರಿಯಿದೆ ಎಂದರೆ ಮಾನ ಹೋಗುತ್ತದೆ. ಕೆಟ್ಟಿದೆ ಎಂದರೆ, ರಿಪೇರಿಯಾದ ಮೇಲೆ ಸೋಮವಾರ ಅವಳ ಪಕ್ಕದಿಂದ ಅರವತ್ತರಲ್ಲಿ ಹಾದುಹೋಗಬೇಕು. ಮಾನ ಹೋದರೂ ತಡೆದುಕೊಳ್ಳಬಹುದಿತ್ತು.

"ರೋಗ ಸಿಕ್ತು," ಎಂದ ತಾರ್ಮೊ ಕೊನೆಗೆ.

ಗೋಡೆಯ ಮೊಳೆಯಿಂದ ಸ್ಪ್ರಿಂಗಿನಂಥ ಎರಡು ಉಕ್ಕಿನ ಕಡ್ಡಿ ತೆಗೆದ. ಗಾಡಿಯ ಜೊತೆ ಎಳೆಯುತ್ತ ಬಂದು ಮಂಜುಗಡ್ಡೆಯನ್ನು ಕೆರೆದು, ಪುಡಿಯನ್ನು ಮೇಲಕ್ಕೆ ಸೀಟಿನ ಅಡಿಗೆ ಹಾರಿಸಿ, ನಿಧಾನಕ್ಕೆ ಹೋದರೂ ಕೂಲೆಂಟ್ ತಣಿಸುವ ಕಡ್ಡಿಗಳು. ಹತ್ತು ನಿಮಿಷದಲ್ಲಿ ಬಿಗಿದಾಯಿತು.

"ಹಾಗಾದ್ರೆ ಸೋಮವಾರದಿಂದ ಇವನು ಜೋರಾಗಿ ಹೋಗ್ಬಹುದು," ಎಂದಳು ಸಿರ್ಕಾ. ಹೇಳುವಾಗ ಅವಳು ಬನ್ನಿನ ತಟ್ಟೆಯನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು.

ಐಮೊ ಬಗ್ಗಿ, ಬಿಗಿದಾಗಿದ್ದ ಕಡ್ಡಿಯನ್ನೇ ಮತ್ತೆ ಬಿಗಿಯತೊಡಗಿದ.

"ಛೆ ಛೆ! ಎಂಟು ದಾಟಂಗಿಲ್ಲ," ಎಂದ ತಾರ್ಮೊ. "ಕಡ್ಡಿ ಹೊಸದು. ಐಸ್ ಕರಗೋ ತನಕ ಎಂಟೇ."

"ಹೌದಾ? ಸರಿ, ನಾನು ಕಾಲು ಗಂಟೆ ಮುಂಚೆ ಹೊರಡ್ತೀನಿ ಬಿಡು. ಗಂಜಿಗೆ ತಡ ಆಗಬಾರ್ದಲ್ಲ," ಎನ್ನುತ್ತ ಅವಳು ಹೊರಟುಹೋದಳು.

"ಎಂಟು ಅಂತ ಹೇಗೆ ಗೊತ್ತಾಯ್ತು?" ಐಮೊ ಮೆಲ್ಲಗೆ ಕೇಳಿದ.

"ಗಂಜಿ ಎಷ್ಟು ತಡ ಆಯ್ತು ಅಂತ ಲೆಕ್ಕ ಹಾಕ್ದೆ," ಎಂದ ತಾರ್ಮೊ, ಬಾಯಿ ತುಂಬ ಬನ್ನು ತುಂಬಿಕೊಂಡು. "ಎಂಜಿನ್ ಬಿಚ್ಚೋ ಮುಂಚೆ ಅಡುಗೆಮನೇಲಿ ಕೇಳ್ಬೇಕಿತ್ತು, ಕಳ್ಳ."

ಸೋಮವಾರ ಸಿರ್ಕಾ ಏಳಕ್ಕೆ ಕಾಲು ಗಂಟೆ ಇರುವಾಗಲೇ ದಡದಲ್ಲಿ ನಿಂತಿದ್ದಳು. ಗಾಡಿ ಆಚೆ ದಡದವರೆಗೂ ತಣ್ಣಗಿತ್ತು.

ಅದಕ್ಕೆ ಮೊದಲಿನಿಂದಲೂ ಯಾವ ರೋಗವೂ ಇರಲಿಲ್ಲವೆಂದು ಐಮೊ ಅವಳಿಗೆ ಎಂದೂ ಹೇಳಲಿಲ್ಲ.