ಡಬ್ಬಿಗೆ ಹಾಕುವ ಮೊದಲು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಪರೀಕ್ಷೆ ಮೇಷ್ಟ್ರು. ಪಾಠ ಹೇಳಿದವರಲ್ಲ, ಬೆತ್ತ ಹಿಡಿದವರಲ್ಲ, ಕಂಪ್ಯೂಟರ್ ಜೋಡಿಸಿ ಮಾರುವ ಪುಟ್ಟ ಅಂಗಡಿಯ ಯಜಮಾನರು. ಆದರೆ ಕೈಗೆ ಬಂದದ್ದನ್ನು ಪರೀಕ್ಷಿಸದೆ ಬಿಡುವ ಜಾಯಮಾನ ಅವರದಲ್ಲ. ಕಲ್ಲಂಗಡಿ ಕೊಂಡರೆ ತಟ್ಟಿ ತಟ್ಟಿ ಮಾರುವವನ ತಾಳ್ಮೆ ಕೆಡಿಸಬೇಕು, ಕೊಡೆ ಕೊಂಡರೆ ಸುಡು ಬಿಸಿಲಲ್ಲೇ ಬಿಚ್ಚಿ ಬೀದಿಗೆಲ್ಲ ತೋರಿಸಬೇಕು. "ಅಳಿಯನನ್ನ ಹೇಗೆ ಪರೀಕ್ಷೆ ಮಾಡಿದ್ರಿ?" ಎಂದು ಯಾರೋ ಕೆಣಕಿದಾಗ, "ಅದು ಮಗಳ ಡಿಪಾರ್ಟ್‌ಮೆಂಟು. ವಾರಂಟಿ ಇನ್ನೂ ಮುಗಿದಿಲ್ಲ, ನೋಡೋಣ" ಎಂದಿದ್ದರು.

ಅಂಗಡಿಯಲ್ಲಿ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹೊಸ ಭಾಗಗಳು ಬಂದ ಕೂಡಲೇ ಕ್ಯಾಬಿನೆಟ್ ಎಂಬ ಡಬ್ಬಿಯೊಳಗೆ ತುಂಬಿ ಸ್ಕ್ರೂ ಬಿಗಿಯುವ ಹಾಗಿಲ್ಲ. ಮೊದಲು ಎಲ್ಲ ಭಾಗಗಳನ್ನೂ ಹೊರುವ ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಮಲಗಿಸಬೇಕು. ಪ್ರೊಸೆಸರ್, ಅದರ ಫ್ಯಾನು, ಒಂದೇ ಒಂದು ಮೆಮೊರಿ ಪಟ್ಟಿ, ಕರೆಂಟಿನ ಪೆಟ್ಟಿಗೆ, ಇಷ್ಟೇ. ಆನ್ ಮಾಡುವ ಸ್ವಿಚ್ಚು ಇರುವುದು ಕ್ಯಾಬಿನೆಟ್ಟಿನಲ್ಲಾದ್ದರಿಂದ, ಬೋರ್ಡಿನ ಅಂಚಿನ ಎರಡು ಕಡ್ಡಿಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಬೇಕು. ಫ್ಯಾನು ತಿರುಗಿ ಪರದೆಯ ಮೇಲೆ ಅಕ್ಷರ ಮೂಡಿದರೆ ಅದು ಮೊದಲ ಉಸಿರು. ಆಮೇಲೆ ಉಳಿದದ್ದನ್ನು ಒಂದೊಂದಾಗಿ ಸೇರಿಸುವುದು. "ಎಲ್ಲಾ ಜೋಡಿಸಿ ಆಮೇಲೆ ಆನ್ ಮಾಡೋದು ಅಂದ್ರೆ ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದ ಹಾಗೆ" ಎಂಬುದು ಅವರ ಮಾತು. ಮಗಳು ಈ ಮಾತು ಕೇಳಿಕೊಂಡೇ ಹಲ್ಲು ಬಂದವಳು, ಕೇಳಿಕೊಂಡೇ ಅಂಗಡಿಯ ಅರ್ಧ ಯಜಮಾನಿಯಾದವಳು.

ಹೋದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಹೆಬ್ಬೆರಳೊಂದು, ಆಮೇಲೆ ಇಡೀ ಅಂಗೈ. ತೊಡೆಯ ಮೇಲೆ ಇಟ್ಟ ಕೈ ತಾನೇ ತಾನಾಗಿ ಅಲುಗುತ್ತಿತ್ತು. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಮಾತ್ರೆ ಬರೆದರು, ನಿಧಾನವಾಗಿ ಹೆಚ್ಚುತ್ತದೆ ಎಂದೂ ಹೇಳಿದರು. ಅಂದಿನಿಂದ ಮಗಳು ಅಪ್ಪನ ಕೈಯಿಂದ ಒಂದೊಂದೇ ಕೆಲಸ ಕಸಿದುಕೊಂಡಳು. ಕಸಿದುಕೊಂಡಳು ಎಂದರೆ ಅವಳು ಒಪ್ಪುವುದಿಲ್ಲ, ಭಾರ ಇಳಿಸಿದೆ ಎನ್ನುತ್ತಾಳೆ. ಅವರು ಸ್ಕ್ರೂಡ್ರೈವರ್ ಎತ್ತಿಕೊಂಡರೆ ಸಾಕು, "ಕೊಡಪ್ಪ, ನಾನು ಮಾಡ್ತೀನಿ" ಎಂದು ಕೈ ಚಾಚುತ್ತಿದ್ದಳು. ಕೊನೆಗೆ ಮೇಷ್ಟ್ರ ಪಾಲಿಗೆ ಉಳಿದದ್ದು ಸಿಕ್ಕುಗಟ್ಟಿದ ವೈರು ಬಿಡಿಸುವುದು ಮತ್ತು ಗಿರಾಕಿಗಳ ಜೊತೆ ಹರಟುವುದು. ವೈರು ಬಿಡಿಸಿ ಮುಗಿದರೆ ಅವರು ಅದನ್ನು ಮತ್ತೆ ಸಿಕ್ಕು ಮಾಡಿಕೊಂಡು ಕೂರುತ್ತಾರೇನೋ ಎಂಬ ಗುಮಾನಿ ಮಗಳಿಗಿತ್ತು.

ಆ ದಿನ ಮಧ್ಯಾಹ್ನ ಬೆಂಚಿನ ಮೇಲೆ ಹೊಸ ಬೋರ್ಡು ಮಲಗಿತ್ತು. ಮೂಲೆಯ ಫೋಟೋ ಸ್ಟುಡಿಯೋದವಳ ಹಳೆ ಕಂಪ್ಯೂಟರ್ ಕೈಕೊಟ್ಟಿತ್ತು, ಸಂಜೆಗೆ ಹೊಸದು ಬೇಕಿತ್ತು. ಮಗಳು ಪ್ರೊಸೆಸರ್ ಇದ್ದ ಪುಟ್ಟ ಪೊಟ್ಟಣ ಬಿಡಿಸುತ್ತಿದ್ದಾಗ ಅಪ್ಪ ವೈರಿನ ಗಂಟನ್ನು ಪಕ್ಕಕ್ಕಿಟ್ಟು ಎದ್ದು ಬಂದರು.

"ಇವತ್ತು ಪ್ರೊಸೆಸರ್ ನಾನು ಕೂರಿಸ್ತೀನಿ."

"ಬೇಡಪ್ಪ, ಅವಸರ ಇದೆ."

"ನಾನೇನು ಅರಮನೆ ಕಟ್ಟಿಸ್ತೀನಿ ಅಂದ್ನಾ? ಕೂರಿಸ್ತೀನಿ ಅಂದೆ. ಕೊಡು."

ಆ 'ಕೊಡು' ಎಂಬ ಮಾತಿನಲ್ಲಿ ಹಳೆಯ ಯಜಮಾನಿಕೆಯಿತ್ತು. ಅವಳು ಕೊಟ್ಟಳು. ಪ್ರೊಸೆಸರ್ ಕೂರುವ ಸಾಕೆಟ್ ಎಂಬ ಜಾಗದಲ್ಲಿ ಕೂದಲಿಗಿಂತ ಸಣ್ಣ ಚಿನ್ನದ ಬಣ್ಣದ ಮುಳ್ಳುಗಳು ಸಾಲುಸಾಲಾಗಿರುತ್ತವೆ. ಮೇಲಿಂದ ಪ್ರೊಸೆಸರ್ ಜಾರಿ ಬಿದ್ದರೆ ನಾಲ್ಕು ಮುಳ್ಳು ಬಾಗುತ್ತವೆ, ಬೋರ್ಡು ಕಸಕ್ಕೆ ಹೋಗುತ್ತದೆ. ಅಪ್ಪನ ಕೈ ಆ ಮುಳ್ಳುಗಳ ಮೇಲೆ ಇಳಿಯುತ್ತಿದ್ದಂತೆ ಅವಳಿಗೆ ನೋಡಲಾಗಲಿಲ್ಲ. ಮುಖ ತಿರುಗಿಸಿ ಗೋಡೆಯ ಮೇಲಿದ್ದ ಕೀಲಿಮಣೆಗಳನ್ನು ನೋಡುತ್ತ ನಿಂತಳು. ಪ್ರೊಸೆಸರನ್ನು ಭದ್ರಪಡಿಸುವ ಹಿಡಿಯನ್ನು ಒತ್ತಿದ ಕಟ್ ಎಂಬ ಸದ್ದು ಕೇಳಿದ ಮೇಲೆಯೇ ಇತ್ತ ತಿರುಗಿದ್ದು.

ಫ್ಯಾನು, ಮೆಮೊರಿ, ಕರೆಂಟಿನ ವೈರುಗಳನ್ನು ಅವಳೇ ಹಾಕಿದಳು. ಪರದೆಯ ವೈರನ್ನು ಬೋರ್ಡಿಗೆ ಚುಚ್ಚಿದಳು. ಸ್ಕ್ರೂಡ್ರೈವರಿನ ತುದಿ ತಾಗಿಸಿದಳು. ಫ್ಯಾನು ಗಿರ್ರನೆ ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು.

ಇಬ್ಬರೂ ಕಾದರು. ತಪ್ಪು ಎಲ್ಲಿದೆ ಎಂದು ಕೆಂಪು ದೀಪ ಹಚ್ಚಿ ಹೇಳುವ ದುಬಾರಿ ಬೋರ್ಡುಗಳೂ ಇವೆ. ಇದು ಬಡಪಾಯಿ ಬೋರ್ಡು, ಬಾಯಿಲ್ಲದ್ದು. ಮಗಳು ಮೆಮೊರಿ ಪಟ್ಟಿಯ ಜಾಗ ಬದಲಿಸಿದಳು, ಬೇರೆ ಪಟ್ಟಿ ಹಾಕಿದಳು, ಪರದೆಯ ವೈರು ಬದಲಿಸಿದಳು, ಕರೆಂಟಿನ ಪೆಟ್ಟಿಗೆಯನ್ನೇ ಬದಲಿಸಿದಳು. ಪರದೆ ಜಪ್ಪಯ್ಯ ಅನ್ನಲಿಲ್ಲ.

ಇನ್ನು ನೋಡಬೇಕಾದದ್ದು ಒಂದೇ ಜಾಗ, ಪ್ರೊಸೆಸರಿನ ಕೆಳಗೆ. ಅದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಸ್ಟೂಲಿನ ಮೇಲೆ ಕುಳಿತಿದ್ದರು. ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು, ಎಡಗೈ ಅದರ ಮೇಲೆ ಬಂದು ಕುಳಿತು ಅದುಮಿ ಹಿಡಿಯಿತು. ಮಗಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಸ್ಥಿತಿ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಪ್ರೊಸೆಸರ್ ಎತ್ತಿ ನೋಡಿದರೆ ಬಾಗಿದ ಮುಳ್ಳು ಕಾಣುತ್ತದೆ. ಕಂಡರೆ ಅಪ್ಪ ಮತ್ತೆ ಈ ಬೆಂಚಿನ ಹತ್ತಿರ ಬರುವುದಿಲ್ಲ. ಅಂಗಡಿಗೆ ಬಾರದ ಅಪ್ಪ ಮನೆಯಲ್ಲಿ ಏನಾಗುತ್ತಾರೆ ಎಂದು ಯೋಚಿಸುವುದೂ ಅವಳಿಗೆ ಬೇಕಿರಲಿಲ್ಲ. ಆದ್ದರಿಂದ ಅವಳು ನಗು ತಂದುಕೊಂಡು ಒಂದು ಸುಳ್ಳು ಹೇಳಿದಳು.

"ಬೋರ್ಡೇ ಕೆಟ್ಟದ್ದು ಬಂದಿದೆ ಕಣಪ್ಪ. ಈ ಸಲದ ಮಾಲೇ ಸರಿಯಿಲ್ಲ ಅಂತ ಆಗಲೇ ಯಾರೋ ಹೇಳ್ತಿದ್ರು. ವಾಪಸ್ ಕಳಿಸ್ತೀನಿ ಬಿಡು."

ಅಪ್ಪ ತಲೆಯೆತ್ತಿ ನೋಡಿದರು. "ಯಾರು ಹೇಳ್ತಿದ್ರು?"

"ಯಾರೋ... ಸಪ್ಲೈ ಮಾಡೋರು."

"ಸಾಕೆಟ್ ತೆಗೆದು ನೋಡಿದ್ಯಾ?"

"ಅದೆಲ್ಲ ಯಾಕೆ ಈಗ? ಹೊತ್ತಾಗುತ್ತೆ."

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಮೆಲ್ಲಗೆ ಎದ್ದು ಕನ್ನಡಕ ತೆಗೆದು ಜೇಬಿಗಿಟ್ಟರು.

"ನನ್ನ ಕೈ ತಪ್ಪು ಮಾಡಿದ್ರೆ ಮಾಡಿದೆ ಅನ್ನು, ಕೇಳ್ತೀನಿ. ನೋಡದೇನೇ ಒಂದು ಬೋರ್ಡನ್ನ ಕೆಟ್ಟದ್ದು ಅಂತ ಹೇಳೋದನ್ನ ನಾನು ನಿನಗೆ ಕಲಿಸಿರಲಿಲ್ಲ."

"ಅಪ್ಪ, ನಾನು ಆ ಅರ್ಥದಲ್ಲಿ..."

"ಇವತ್ತಿನ ಮಾತಲ್ಲ ಮಗಳೇ. ಕೈ ನಡುಗ್ತು ಅಂದ ದಿನಾನೇ ನೀನು ನನ್ನ ಡಬ್ಬಿಗೆ ಹಾಕಿ ಸ್ಕ್ರೂ ಬಿಗಿದುಬಿಟ್ಟೆ. ಯಾವ ಕೆಲಸ ಆಗುತ್ತೆ, ಯಾವುದು ಆಗಲ್ಲ ಅಂತ ಒಂದು ಸಲ, ಒಂದೇ ಒಂದು ಸಲ ಪರೀಕ್ಷೆ ಮಾಡಿದ್ಯಾ? ನಾಳೆಯಿಂದ ನಾನು ಬರಲ್ಲ ಬಿಡು. ವೈರು ಬಿಡಿಸೋದಕ್ಕೆ ಅಷ್ಟು ದೂರದಿಂದ ಯಾಕೆ ಬರಬೇಕು?"

ಅವರು ಕೊಡೆ ತೆಗೆದುಕೊಂಡು ಬಾಗಿಲ ಕಡೆ ಹೊರಟರು. ಮಗಳಿಗೆ ಸಿಟ್ಟು, ನಾಚಿಕೆ, ಅಳು ಎಲ್ಲ ಒಟ್ಟೊಟ್ಟಿಗೆ ನುಗ್ಗಿ ಬಂದವು. ಇಷ್ಟು ದಿನ ಅಪ್ಪನಿಗೆ ನೋವಾಗದಿರಲೆಂದು ತಾನು ಮಾಡಿದ್ದೆಲ್ಲ ಅಪ್ಪನಿಗೆ ನೋವಾಗುವ ಕೆಲಸವೇ ಎಂದು ಅವಳಿಗೆ ಹೊಳೆದದ್ದು ಆಗ.

"ನಿಂತ್ಕೋ" ಎಂದಳು. ದನಿ ಜೋರಾಯಿತು. "ಪರೀಕ್ಷೆ ಅಂದ ಮೇಲೆ ಮೇಷ್ಟ್ರು ಅರ್ಧಕ್ಕೇ ಎದ್ದು ಹೋಗಬಾರದು. ಬಾ, ಕೂತ್ಕೋ. ನೋಡೇಬಿಡೋಣ."

ಅಪ್ಪ ಹಿಂದಕ್ಕೆ ಬಂದರು. ಅವಳು ಫ್ಯಾನು ಬಿಚ್ಚಿ, ಹಿಡಿ ಎತ್ತಿ, ಪ್ರೊಸೆಸರನ್ನು ಹೊರತೆಗೆದಳು. ದೀಪವನ್ನು ಹತ್ತಿರಕ್ಕೆ ಎಳೆದು ಭೂತಗನ್ನಡಿಯನ್ನು ಅಪ್ಪನಿಗೇ ಕೊಟ್ಟಳು.

ಅವರು ಬಗ್ಗಿ ನೋಡಿದರು. ಮೇಲಿನಿಂದ ನೋಡಿದರು, ಓರೆಯಾಗಿ ನೋಡಿದರು, ಬೋರ್ಡು ತಿರುಗಿಸಿ ಮತ್ತೆ ನೋಡಿದರು. ಆಮೇಲೆ ಗಾಜನ್ನು ಅವಳ ಕೈಗಿಟ್ಟು, "ನೀನು ನೋಡು. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ" ಎಂದರು.

ಅವಳು ನೋಡಿದಳು. ಮುಳ್ಳುಗಳೆಲ್ಲ ನೆಟ್ಟಗೆ ನಿಂತಿದ್ದವು. ಒಂದೂ ಬಾಗಿರಲಿಲ್ಲ, ಒಂದೂ ಮುರಿದಿರಲಿಲ್ಲ.

"ಸರಿಯಾಗಿದೆಯಪ್ಪ" ಎಂದಳು. ಅಪ್ಪ ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು, ಬಹಳ ದಿನದ ಮೇಲೆ ಮನೆಗೆ ಬಂದ ನೆಂಟನನ್ನು ನೋಡುವ ಹಾಗೆ.

"ಮತ್ತೆ ಚಿತ್ರ ಯಾಕೆ ಬರಲಿಲ್ಲ?" ಎಂದರು. ದನಿಯಲ್ಲಿ ಗೆಲುವು ಬಂದಿತ್ತು.

"ಅದೇ ನನಗೂ ಅರ್ಥ ಆಗ್ತಿಲ್ಲ. ನೀನೇ ಇನ್ನೊಂದು ಸಲ ಕೂರಿಸು."

ಈ ಸಲ ಅವಳು ಮುಖ ತಿರುಗಿಸಲಿಲ್ಲ. ತೊಡೆಯ ಮೇಲಿದ್ದ ಕೈ ನಡುಗುತ್ತಲೇ ಮೇಲೆದ್ದಿತು. ಪ್ರೊಸೆಸರಿನ ಎರಡು ಅಂಚನ್ನು ಹಿಡಿಯಿತು. ಹಿಡಿದ ಕೂಡಲೇ ನಡುಕ ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ಕಾಯುತ್ತ ಕೂತಾಗ ಕುಣಿಯುವ ಕೈ ಕೆಲಸಕ್ಕೆ ಇಳಿದಾಗ ಅಡಗಿತು. ಮೂಲೆಯ ಗುರುತಿಗೆ ಗುರುತು ಕೂಡಿಸಿ ಅವರು ಅದನ್ನು ಇಟ್ಟರು, ನಿದ್ದೆ ಹೋದ ಮಗುವನ್ನು ಮಲಗಿಸುವಷ್ಟು ಮೆತ್ತಗೆ. ಹಿಡಿ ಒತ್ತಿದರು. ಕಟ್.

"ನಡುಗಲಿಲ್ಲ" ಎಂದಳು ಮಗಳು.

"ಕೆಲಸ ಕೊಟ್ರೆ ಸುಮ್ಮನಿರುತ್ತೆ ಅದು. ನಿನಗೆ ಹೇಳೋಣ ಅಂದ್ರೆ ನೀನು ಕೇಳಬೇಕಲ್ಲ."

ಒಂದು ವರ್ಷ ಪಕ್ಕದಲ್ಲೇ ಕುಳಿತ ಅಪ್ಪನ ಕೈಯನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಕಣ್ಣು ಒದ್ದೆಯಾಯಿತು. ಅದನ್ನು ಮರೆಸಲು ಫ್ಯಾನು ಬಿಗಿದು ಸ್ಕ್ರೂಡ್ರೈವರ್ ತಾಗಿಸಿದಳು. ಫ್ಯಾನು ತಿರುಗಿತು, ಪರದೆ ಮತ್ತೆ ಕಪ್ಪು. ಆದರೆ ಈಗ ಅದು ಬೇರೆ ಥರದ ಕಪ್ಪು. ಅಪ್ಪ ಮಗಳು ಇಬ್ಬರೂ ಬೆಂಚಿನ ಒಂದೇ ಬದಿಗೆ ನಿಂತು ಅದನ್ನು ಬೈಯತೊಡಗಿದರು.

ಸ್ಟುಡಿಯೋದವಳು ಬಂದದ್ದು ಆಗಲೇ. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಗಂಟೊಂದಿತ್ತು.

"ಆಯ್ತಾ ಅಕ್ಕ?"

"ಇಲ್ಲಮ್ಮ, ಸತಾಯಿಸ್ತಿದೆ. ಎಲ್ಲಾ ಸರಿಯಾಗಿದೆ, ಚಿತ್ರ ಮಾತ್ರ ಬರ್ತಿಲ್ಲ."

ಅವಳು ಬೋರ್ಡನ್ನೊಮ್ಮೆ, ಇವರಿಬ್ಬರ ಮುಖವನ್ನೊಮ್ಮೆ ನೋಡಿದಳು. ಕಂಕುಳ ಗಂಟನ್ನು ಬೆಂಚಿನ ಮೇಲಿಟ್ಟು ಬಿಚ್ಚಿದಳು. ಒಳಗೆ ಅವಳ ಹಳೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಇತ್ತು.

"ಇದು ಹಾಕದೆ ಹೇಗೆ ಬರುತ್ತೆ? ಹೋದ ವಾರ ನೀವೇ ಹೇಳಿದ್ರಲ್ಲ ಅಕ್ಕ, ಈ ಥರದ ಪ್ರೊಸೆಸರಿಗೆ ತಾನಾಗಿ ಚಿತ್ರ ತೋರಿಸೋಕೆ ಬರಲ್ಲ, ನಿಮ್ಮ ಹಳೆ ಕಾರ್ಡ್ ಹೇಗೂ ಇದೆಯಲ್ಲ, ಅದನ್ನ ಜೋಡಿಸೋ ದಿನ ತಂದುಕೊಡಿ ಅಂತ. ಮೇಷ್ಟ್ರು ಪಕ್ಕದಲ್ಲೇ ಕೂತು ಹೂಂ ಹೂಂ ಅಂದ್ರು."

ಮಗಳು ಹಣೆ ಚಚ್ಚಿಕೊಂಡಳು. ವರ್ಷಗಟ್ಟಲೆ ಇವರು ಕೂರಿಸಿದ ಪ್ರೊಸೆಸರುಗಳಿಗೆಲ್ಲ ಕಾರ್ಡಿನ ಹಂಗಿರಲಿಲ್ಲ. ಕಮ್ಮಿ ಭಾಗಗಳಿಂದ ಶುರು ಮಾಡು ಎಂಬ ನಿಯಮ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಇದಕ್ಕೆ ಕಾರ್ಡು ಇಲ್ಲದೆ ಆಗದು ಎಂಬುದೇ ತಲೆಗೆ ಬರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದರು ಇಬ್ಬರೂ.

ಮೊದಲು ನಕ್ಕದ್ದು ಮೇಷ್ಟ್ರು. "ನಾವಿಬ್ಬರೂ ಫೇಲು! ಪಾಸಾಗಿದ್ದು ಇವಳೊಬ್ಬಳೇ" ಎನ್ನುತ್ತ ಹೊಟ್ಟೆ ಹಿಡಿದುಕೊಂಡರು. ಕಾರ್ಡು ಕೂರಿಸಿ, ಪರದೆಯ ವೈರನ್ನು ಅದಕ್ಕೇ ಚುಚ್ಚಿದಾಗ ಬಿಳಿ ಅಕ್ಷರಗಳು ಮೂಡಿದವು. ಸ್ಟುಡಿಯೋದವಳು ಚಪ್ಪಾಳೆ ತಟ್ಟಿ, ತನ್ನ ಅಂಗಡಿಗೆ ಬೀಗ ಹಾಕಿಕೊಂಡು ಬರುತ್ತೇನೆಂದು ಓಡಿದಳು.

ಉಳಿದದ್ದು ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಸೇರಿಸುವ ಕೆಲಸ. ಬೋರ್ಡು ಒಳಗಿಳಿಯಿತು. ಅಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡರು. ಮಗಳ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು, ನಾಲಿಗೆಯ ತುದಿಗೆ "ಕೊಡಪ್ಪ" ಬಂದಿತ್ತು. ಅವಳು ಮಾತು ನುಂಗಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಪುಟ್ಟ ಸ್ಕ್ರೂ ತೂತಿನ ಹತ್ತಿರ ಹೋಗಿ ಜಾರಿ ಬಿತ್ತು. ಅವಳು ಹೆಕ್ಕಿ ಕೊಟ್ಟಳು. ಮತ್ತೆ ಬಿತ್ತು, ಮತ್ತೆ ಹೆಕ್ಕಿ ಕೊಟ್ಟಳು. ಅಪ್ಪ ಕೆಳತುಟಿ ಕಚ್ಚಿಕೊಂಡು ಮತ್ತೊಮ್ಮೆ ಇಟ್ಟು ನೋಡಿದರು. ಸ್ಕ್ರೂ ಕೂತಿತು, ಆದರೆ ತಿರುಗಿಸಹೊರಟ ಬೆರಳುಗಳು ಅರ್ಧ ಸುತ್ತಿಗೇ ಸೋತು ನಿಂತವು. ಅವಳ ಬೆನ್ನ ಹಿಂದಿನ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು.

ಮೇಷ್ಟ್ರು ಸ್ಕ್ರೂಡ್ರೈವರನ್ನು ಹಿಡಿಯ ಕಡೆಯಿಂದ ಅವಳತ್ತ ಚಾಚಿದರು.

"ಪ್ರೊಸೆಸರ್ ಆಗುತ್ತೆ. ಸ್ಕ್ರೂ ಆಗಲ್ಲ" ಎಂದರು, ಗಿರಾಕಿಗೆ ಭಾಗವೊಂದರ ಗುಣ ಹೇಳುವ ದನಿಯಲ್ಲಿ. "ತಗೋ. ನಾಳೆ ಮೆಮೊರಿ ಪಟ್ಟಿ ನೋಡೋಣ."

ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡಳು. ಅಪ್ಪನೇ ಕೊಟ್ಟ ಕೆಲಸವನ್ನು ಅವಳು ತೆಗೆದುಕೊಂಡದ್ದು ಆ ವರ್ಷದಲ್ಲಿ ಅದೇ ಮೊದಲು.