ಸಿಸ್ಟರಮ್ಮನ ಗದ್ದುಗೆ

ಗದ್ದುಗೆ ಅಂದರೆ ಮಠದ ಸ್ವಾಮಿಗಳ ಸಮಾಧಿ. ಕ್ರೈಸ್ತ ಸನ್ಯಾಸಿನಿಗೆ ಗದ್ದುಗೆ ಕಟ್ಟಿಸಿದವಳು ಈ ಸೀಮೆಯಲ್ಲಿ ನನ್ನ ಅಮ್ಮ ತೀರ್ಥಮ್ಮ ಒಬ್ಬಳೇ ಇರಬೇಕು. ಸಿಸ್ಟರ್ ಕ್ಲೆಮೆನ್ಸಿಯಾ ಉಡುಪಿ ಕಡೆಯಿಂದ ನರ್ಸಾಗಿ ನಮ್ಮ ಶಿವನಿ ಊರಿಗೆ ಬಂದವರು. ಊರಿನ ಹೆರಿಗೆಗಳನ್ನು ಮಾಡಿಸುತ್ತಲೇ ಮುದುಕಿಯಾಗಿ ಇಲ್ಲೇ ತೀರಿಕೊಂಡರು. ಹೊಟ್ಟೆಯಲ್ಲಿ ನಾನು ಅಡ್ಡ ತಿರುಗಿದ್ದಾಗ ಇಬ್ಬರ ಜೀವವನ್ನೂ ಉಳಿಸಿದ್ದು ಅವರ ಕೈ. ಅವರನ್ನು ಕಾನ್ವೆಂಟಿನ ಹಿಂದೆ ಹೂತರು. ಲಿಂಗಾಯತರಾದ ನಮ್ಮವರೂ ಹೂಳುವವರೇ ಆದ್ದರಿಂದ, ಮುಂದೇನು ಮಾಡಬೇಕೆಂದು ಅಮ್ಮ ಯಾರನ್ನೂ ಕೇಳಲಿಲ್ಲ. ಕಲ್ಲಿನ ಕಟ್ಟೆ ಕಟ್ಟಿಸಿದಳು, ಶಿಲುಬೆಗೆ ವಿಭೂತಿ ಬಳಿದಳು, ಸೋಮವಾರ ಬಿಲ್ವಪತ್ರೆ ಇಟ್ಟು ದೀಪ ಹಚ್ಚಿದಳು. ಕಾನ್ವೆಂಟಿನವರು ನೋಡಿಯೂ ಸುಮ್ಮನಿದ್ದರು.

ಊರು ಅವಳ ಹಿಂದೆ ಬಂತು. ಬಾಣಂತಿಯರು ಹೊಸಿಲು ದಾಟಿದ ಮೊದಲ ದಿನ ಕೂಸನ್ನು ಆ ಕಟ್ಟೆಯ ಮೇಲೆ ಮಲಗಿಸಿ ಎತ್ತಿಕೊಳ್ಳುವುದು ಪದ್ಧತಿಯಾಯಿತು. ಅಜ್ಜಂಪುರದಿಂದಲೂ ಬರುತ್ತಿದ್ದರು.

ಏಳೆಂಟು ವರ್ಷ ಕಳೆದ ಮೇಲೆ ಒಬ್ಬ ಫಾದರ್ ಬಂದರು. ಸಿಸ್ಟರಮ್ಮನನ್ನು ಸಂತರೆಂದು ಘೋಷಿಸಬೇಕೆಂದು ಕೋರಿಕೆ ಹೋಗಿತ್ತಂತೆ, ಅದರ ವಿಚಾರಣೆ. ಅಮ್ಮ ಕುಣಿದಾಡುವುದೊಂದು ಬಾಕಿ. ಆದರೆ ಕಟ್ಟೆ ನೋಡಿದ ಫಾದರ್ ಮುಖ ಇಳಿಯಿತು.

“ರೋಮ್‌ನವರು ಹೇಳೋ ಮುಂಚೆ ಯಾರೂ ಇವರನ್ನ ಸಂತರು ಅಂತ ಪೂಜೆ ಮಾಡಬಾರದು ತಾಯಿ. ಮಾಡಿದ್ರೆ ವಿಚಾರಣೆ ನಿಂತುಹೋಗುತ್ತೆ. ಇದನ್ನೆಲ್ಲ ತೆಗೀಬೇಕು.”

“ಪೂಜೆ ಮಾಡ್ದೆ ಸಂತರು ಹೆಂಗಾಯ್ತಾರೆ ಸ್ವಾಮಿ?”

“ನಿಯಮ ಹಾಗಿದೆ.”

ನನಗೆ ಮೈ ಉರಿಯಿತು. “ಅವರ ಪಟ್ಟ ಯಾರಿಗೆ ಬೇಕು, ಬಿಡಮ್ಮ” ಎಂದೆ.

“ಸುಮ್ನಿರೇ. ನಮ್ಮೂರಿಗೆ ಗೊತ್ತಿದ್ರೆ ಸಾಕಾ? ಲೋಕಕ್ಕೆಲ್ಲ ಗೊತ್ತಾಗ್ಬೇಕು ಕಣೇ.”

ಗದ್ದುಗೆ ಒಡೆಯಲು ಗಾರೆ ಕೆಲಸದವನು ಒಪ್ಪಲಿಲ್ಲ. ಅಮ್ಮನೇ ಸುತ್ತಿಗೆ ಹಿಡಿದಳು. ಆಮೇಲೆ ಗೇಟಿನ ಹತ್ತಿರ ಕೂತು, ಬಂದ ಬಾಣಂತಿಯರನ್ನೆಲ್ಲ ಹಿಂದಕ್ಕೆ ಕಳಿಸತೊಡಗಿದಳು. ಮೊಮ್ಮಗುವನ್ನು ಎತ್ತಿಕೊಂಡು ಬಂದ ಹುಚ್ಚಮ್ಮನೆಂಬ ಹೆಂಗಸು, “ಏನವ್ವಾ ತೀರ್ಥಮ್ಮ, ನೀನೇ ಕಟ್ಸಿ ನೀನೇ ಕೆಡವ್ಬಿಟ್ಯಾ? ಅವರ ಮತಕ್ಕೆ ಸೇರ್ಕೊಂಡ್ಯಾ ಹೆಂಗೆ?” ಎಂದಳು. ವಿಭೂತಿ ಇಲ್ಲದೆ ನೀರೂ ಕುಡಿಯದ ಅಮ್ಮ ಆ ಮಾತನ್ನೂ ನುಂಗಿಕೊಂಡಳು. ಜನ ಎಷ್ಟು ದಿನ ಬೈಸಿಕೊಳ್ಳಲು ಬರುತ್ತಾರೆ? ಹೆರಿಗೆಗಳೂ ತರೀಕೆರೆ ಆಸ್ಪತ್ರೆಯ ಪಾಲಾಗಿದ್ದವು. ಹೊಸ ಹುಡುಗಿಯರಿಗೆ ಸಿಸ್ಟರಮ್ಮ ಯಾರೆಂದೇ ಗೊತ್ತಿಲ್ಲದಂತಾಯಿತು.

ಅದೇ ವಿಚಾರಣೆಗೆಂದು ಈ ವರ್ಷ ಇನ್ನೊಬ್ಬ ಫಾದರ್ ಬಂದರು. ಸಮಾಧಿಯ ಸುತ್ತ ಸೊಂಟದೆತ್ತರ ಪಾರ್ಥೇನಿಯಂ ಬೆಳೆದಿತ್ತು.

“ಜನ ಇಲ್ಲಿಗೆ ಬರ್ತಾರಾ ತಾಯಿ?”

“ಒಂದು ನರಪಿಳ್ಳೆನೂ ಬರಲ್ಲ ಸ್ವಾಮಿ!” ಅಮ್ಮನ ದನಿಯಲ್ಲಿ ಎಂಥ ಹೆಮ್ಮೆ. “ನಾನು ಒಬ್ರನ್ನೂ ಬಿಟ್ಟಿಲ್ಲ.”

ಫಾದರ್ ಕೈಯಲ್ಲಿದ್ದ ಕಡತ ಮುಚ್ಚಿದರು. “ಇವರು ಸಂತರು ಅಂತ ಜನ ತಾವಾಗೇ ನಂಬಿರಬೇಕು. ಆ ನಂಬಿಕೆ ಇವತ್ತಿಗೂ ಉಳಿದಿರಬೇಕು. ಅದೇ ಇಲ್ಲ ಅಂದ್ರೆ ವಿಚಾರಣೆ ಇಲ್ಲಿಗೇ ಮುಗೀತು.”

ನಾನು ಇದ್ದಬದ್ದ ಸಿಟ್ಟನ್ನೆಲ್ಲ ಕಾರಿಕೊಂಡೆ. ನಡೆದದ್ದನ್ನು ಕೇಳಿ ಆ ಮನುಷ್ಯ ನಿಜಕ್ಕೂ ನೊಂದುಕೊಂಡರು. “ಅಯ್ಯೋ, ಪೂಜೆ ಬೇಡ ಅಂದಿದ್ದಷ್ಟೇ. ಬರಬೇಡಿ ಅಂದಿರಲಿಲ್ಲವಲ್ಲಾ.”

“ಸುಮ್ಕೆ ಬಂದು ನಿಂತ್ಕೊಂಡು ಹೋಗೋಕೆ ನಮಗೆ ಬರಾಕಿಲ್ಲ ಸ್ವಾಮಿ” ಎಂದಳು ಅಮ್ಮ.

ಅವರು ಹೋದ ಮೇಲೆ ಅಮ್ಮ ಬರಿಗೈಯಲ್ಲೇ ಕಳೆ ಕೀಳಲು ಕೂತಳು. ಬೇಡವೆಂದರೂ ಕೇಳಲಿಲ್ಲ.

“ಎತ್ತರದಾಗೆ ಕೂರಿಸಾಣ ಅಂತ ಹೋಗಿ, ಒಂಟಿ ಮಾಡ್ಬಿಟ್ನಲ್ಲೇ ಕೋಮಲಾ” ಎಂದಳು.