ನಿಂತಲ್ಲೇ ಓಡಿದ ಗಾಡಿ

ಪಾತಣ್ಣನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ಮನೆಯಲ್ಲಿ ಮಧ್ಯಾಹ್ನಗಳು ಕಷ್ಟವಾದವು. ಉಣಿಸಿ ಮಲಗಿಸಿದರೆ ಸಾಕು, ಎಡಗೈಯಿಂದ ಮಂಚದ ಪಟ್ಟಿ ಬಡಿಯಲು ಶುರುಮಾಡುತ್ತಿದ್ದ. ನೀರು ಕೊಟ್ಟರೂ ಇಲ್ಲ, ಮಗ್ಗುಲು ಬದಲಿಸಿದರೂ ಇಲ್ಲ, ಹೊತ್ತು ಇಳಿಯುವತನಕ ಅದೇ ಸದ್ದು. ಮೂವತ್ತು ವರ್ಷ ಲಾರಿ ಓಡಿಸಿದ ಕೈ. ಪಟ್ಟಿಯ ಮೊಳೆಗಳೇ ಸಡಿಲವಾಗಿದ್ದವು.

ಡಾಕ್ಟರಿಗೆ ತೋರಿಸೋಣವೆಂದು ಒಂದು ದಿನ ಮಗ ಮಹಾಂತೇಶ ಅಪ್ಪನನ್ನು ಎತ್ತಿ ಬಾಡಿಗೆಗೆ ಓಡಿಸುವ ತನ್ನ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿ ಗಾಡಿ ಸ್ಟಾರ್ಟ್ ಮಾಡಿದ. ಪಾತಣ್ಣನ ಕೈ ತಟ್ಟನೆ ನಿಂತಿತು. ಟವಲ್ ತರಲು ಒಳಗೆ ಹೋಗಿದ್ದ ಕೆಂಚಕ್ಕ ಹೊರಗೆ ಬಂದಾಗ ಗಂಡ ಮುಂದಿನ ಗಾಜಿನಾಚೆ ನೋಡುತ್ತ ಸುಮ್ಮನೆ ಕೂತಿದ್ದ.

"ಇಂಜಿನ್ ಸದ್ದು ಕೇಳಿ ಸಮಾಧಾನ ಆಗೈತೆ ನೋಡು," ಎಂದಳು. "ಹುಟ್ಟಿದಾಗಿಂದ ಅದೇ ತಾನೆ ಕೇಳಿದ್ದು."

ಡಾಕ್ಟರ ಮಾತು ಅಲ್ಲಿಗೇ ಬಿಟ್ಟುಹೋಯಿತು. ಅಂದಿನಿಂದ ಬಾಡಿಗೆ ಇಲ್ಲದ ದಿನಗಳಲ್ಲಿ ಮಹಾಂತೇಶ ಊಟವಾದ ಮೇಲೆ ಅಪ್ಪನನ್ನು ಗಾಡಿಯಲ್ಲಿ ಕೂರಿಸಿ, ಬೇವಿನ ಮರದ ಕೆಳಗೆ ಎರಡು ಗಂಟೆ ಇಂಜಿನ್ ಹಾಗೇ ಓಡಲು ಬಿಡುತ್ತಿದ್ದ. ಡೀಸೆಲ್ ದಂಡ ಎಂದು ಹೆಂಡತಿ ಮಾಲತಿ ಮೊದಮೊದಲು ಗೊಣಗಿದಳು. ಮಂಚದ ಸದ್ದು ನಿಂತಿದ್ದು ಅವಳಿಗೂ ಹಿತವಾಗಿತ್ತು, ಆಮೇಲೆ ಸುಮ್ಮನಾದಳು. ಗಾಡಿಗೆ ಕೆಡುಕಾದೀತು ಎಂದು ಯಾರಿಗೂ ಅನ್ನಿಸಲಿಲ್ಲ. ಲಾರಿಗೆ ಲೋಡು ತುಂಬುವಾಗ ಪಾತಣ್ಣ ಇಂಜಿನ್ ಆರಿಸಿದ್ದನ್ನು ಮಹಾಂತೇಶ ಕಂಡೇ ಇರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಮೀಟರಿನ ಪಕ್ಕ ಹಳದಿ ದೀಪ ಹತ್ತಿತು. ಅದರ ಮಾರನೆಯ ವಾರ ಪರಶುರಾಂಪುರದಿಂದ ಈರುಳ್ಳಿ ತರುವಾಗ ಗಾಡಿ ಏರಿನಲ್ಲಿ ಎಳೆಯದೆ ಮುಕ್ಕರಿಸಿತು. ಮಹಾಂತೇಶ ಲೋಡು ಇಳಿಸಿ, ಚಳ್ಳಕೆರೆಯಲ್ಲಿ ಗ್ಯಾರೇಜು ಇಟ್ಟಿದ್ದ ಗೆಳೆಯ ಮಾರುತೇಶನ ಹತ್ತಿರ ಹೋದ. ಮಾರುತೇಶ ಸ್ಟೀರಿಂಗ್ ಕೆಳಗೆ ವೈರು ಸಿಕ್ಕಿಸಿ, ಕೈಯಲ್ಲಿದ್ದ ಸಣ್ಣ ಪರದೆಯನ್ನು ನೋಡಿದ.

"ಇದನ್ನ ಓಡಿಸಿದ್ದಕ್ಕಿಂತ ನಿಲ್ಸಿ ಉರಿಸಿದ್ದೇ ಜಾಸ್ತಿ ಐತಲ್ಲಲೇ. ಏನ್ ಮಾಡ್ತೀಯ ಗಾಡೀನ?"

ಮಹಾಂತೇಶ ಹೇಳಿದ. ಮಾರುತೇಶ ನಗಲಿಲ್ಲ.

"ನಿಂತಲ್ಲಿ ಓಡಿದ್ರೆ ಸೈಲೆನ್ಸರ್ ಬಿಸಿ ಏರಲ್ಲ. ಮಸಿ ಎಲ್ಲ ಫಿಲ್ಟರ್‌ನಾಗೆ ಕಟ್ಕಂತದೆ. ಹೊಗೆ ಆಚೆ ಹೋಗದಿದ್ರೆ ಗಾಡಿ ಹೆಂಗೆ ಎಳೀತೈತೆ? ನಿಮ್ಮಪ್ಪನ ಲಾರಿ ಕಾಲ ಮುಗೀತು. ಇನ್ನೂ ಪೂರ್ತಿ ಕಟ್ಟಿಲ್ಲ, ಹೈವೇಗೆ ಹತ್ಸಿ ಅರ್ಧ ಮುಕ್ಕಾಲು ಗಂಟೆ ಒಂದೇ ಸಮ ಬಿಡು. ಮಸಿ ತಾನೇ ಸುಟ್ಟೋಗುತ್ತೆ. ಮಧ್ಯೆ ಮಾತ್ರ ನಿಲ್ಲಿಸ್ಬೇಡ."

ಮಾರನೆಯ ಮಧ್ಯಾಹ್ನ ಹೇಗೂ ಅಪ್ಪ ಕೂರುವ ಹೊತ್ತೇ ಆಗಿದ್ದರಿಂದ ಮಹಾಂತೇಶ ಅವನನ್ನೂ ಕೂರಿಸಿಕೊಂಡು ಬಳ್ಳಾರಿ ರಸ್ತೆಗೆ ಗಾಡಿ ಹತ್ತಿಸಿದ. ನಾಲ್ಕಕ್ಕೆ ವಾಪಸ್ ಬರುವುದೆಂದು ಅವ್ವನಿಗೆ ಹೇಳಿದ್ದ. ಪಾತಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಲಾರಿಯೊಂದನ್ನು ಹಿಂದೆ ಹಾಕುವಾಗ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿತು. ಹಿರೇಹಳ್ಳಿ ದಾಟಿದ ಮೇಲೆ ಹಳದಿ ದೀಪ ಆರಿತು. ಇನ್ನೂ ಸ್ವಲ್ಪ ದೂರ ಓಡಿಸಿ, ಬಿ.ಜಿ. ಕೆರೆಯ ಹತ್ತಿರ ತಿರುಗಿಸಿಕೊಳ್ಳಲು ಮಹಾಂತೇಶ ವೇಗ ತಗ್ಗಿಸಿದ.

ಪಾತಣ್ಣ ಎಡಗೈಯನ್ನು ಅಡ್ಡ ಚಾಚಿ ಸ್ಟೀರಿಂಗ್ ಹಿಡಿದುಬಿಟ್ಟ.

ಗಾಡಿ ಓಲಾಡಿ ಮಣ್ಣಿಗೆ ಇಳಿದು ನಿಂತಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಬೈದುಕೊಂಡು ಹೋದ. ಮಹಾಂತೇಶ ಹ್ಯಾಂಡ್‌ಬ್ರೇಕ್ ಎಳೆದು ಅಪ್ಪನತ್ತ ತಿರುಗಿದ. ಅಪ್ಪ ಮಾತ್ರ ಬೆರಳನ್ನು ಮುಂದಕ್ಕೆ ಚಾಚಿ ಹಾಗೇ ಹಿಡಿದಿದ್ದ.

"ಎಲ್ಲಿಗಪ್ಪ? ಹಾನಗಲ್ಲಿಗಾ?"

ಪಾತಣ್ಣ ಡ್ಯಾಶ್‌ಬೋರ್ಡನ್ನು ಬಡಿದ.

"ಬಳ್ಳಾರಿಗಾ? ಜಟಿಂಗ ರಾಮೇಶ್ವರ ಗುಡ್ಡಕ್ಕಾ?"

ಬಡಿತ ಜೋರಾಯಿತು. ಕೇಳಲೋ ಬೇಡವೋ ಎನ್ನುವ ಹಾಗೆ ಮಹಾಂತೇಶ ಕೇಳಿದ, "ಮೊಳಕಾಲ್ಮುರಿಗಾ? ಅತ್ತೆ ಮನೆಗಾ?"

ಕೈ ನಿಂತಿತು.

ಹಾಗಾದರೆ ಇಂಜಿನ್ನಿನ ಸದ್ದಿಗಲ್ಲ ಅವನು ಸುಮ್ಮನಾಗುತ್ತಿದ್ದದ್ದು. ಈಗ ಹೊರಡುತ್ತೇವೆ, ಈಗ ಹೊರಡುತ್ತೇವೆ ಎಂದು ನಾಲ್ಕು ತಿಂಗಳು ಬೇವಿನ ಮರದ ಕೆಳಗೆ ಕಾದಿದ್ದ. ಎಲ್ಲಿಗೆ ಎಂದು ಯಾರೂ ಒಂದು ದಿನವೂ ಕೇಳಿರಲಿಲ್ಲ.

ಅತ್ತೆ ಯರ್ರಮ್ಮ, ಪಾತಣ್ಣನಿಗೆ ಒಬ್ಬಳೇ ತಂಗಿ. ಹನ್ನೊಂದು ವರ್ಷದ ಹಿಂದೆ ಮಗಳು ಸ್ವಪ್ನಳನ್ನು ಮಹಾಂತೇಶನಿಗೆ ತಂದುಕೊಳ್ಳಿ ಎಂದು ಎಲೆ ಅಡಿಕೆ ಹಿಡಿದು ಬಂದಿದ್ದಳು. ಹುಡುಗಿ ಹುಟ್ಟಿದಾಗಲೇ ಅಣ್ಣ ತಂಗಿ ಆಡಿಕೊಂಡಿದ್ದ ಮಾತು ಅದು. ಕೆಂಚಕ್ಕ ಒಪ್ಪಲಿಲ್ಲ, ಚಳ್ಳಕೆರೆ ಕಡೆಯ ಮಾಲತಿಯನ್ನು ನೋಡಿಟ್ಟಿದ್ದಳು. ಅಂದು ಪಾತಣ್ಣ ಬಾಯಿ ಬಿಡದೆ ಕಂಬಕ್ಕೆ ಒರಗಿ ಕೂತಿದ್ದ. ಕೊಟ್ಟ ನೀರನ್ನೂ ಕುಡಿಯದೆ ಎದ್ದುಹೋದ ಯರ್ರಮ್ಮ ಮತ್ತೆ ಹೊಸ್ತಿಲು ತುಳಿದಿರಲಿಲ್ಲ. ಸ್ವಪ್ನಳನ್ನು ರಾಯದುರ್ಗಕ್ಕೆ ಕೊಟ್ಟ ಸುದ್ದಿ ಬಂದಿತ್ತು, ಮದುವೆಯ ಕರೆ ಬಂದಿರಲಿಲ್ಲ.

ಮಹಾಂತೇಶ ಮುಂದಿನ ಹಾನಗಲ್ಲಿನ ಕ್ರಾಸಿನಲ್ಲಿ ತಿರುಗಿ ಮೊಳಕಾಲ್ಮುರಿಗೆ ಹೋದ. ಮನೆ ಗುರುತು ಸಿಗದೆ ಒಂದು ಬೀದಿಯಲ್ಲಿ ನಿಧಾನಿಸಿದಾಗ ಅಪ್ಪನೇ ಬೆರಳಿನಲ್ಲಿ ದಾರಿ ತೋರಿಸಿದ.

ಯರ್ರಮ್ಮ ಅಂಗಳದಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು. ಗಾಡಿಯಿಂದ ಅಪ್ಪನನ್ನು ಎತ್ತಿಕೊಂಡು ಬರುತ್ತಿದ್ದ ಮಹಾಂತೇಶನನ್ನು ನೋಡಿದಳು, ಏಳಲಿಲ್ಲ. ಅಣ್ಣನ ಸೊಟ್ಟಗಾದ ಬಾಯಿ ಕಂಡ ಮೇಲೆ ಎದ್ದಳು.

"ಯಾವಾಗಾತು?"

"ಯುಗಾದಿ ಆದ್ಮೇಲೆ, ಅತ್ತೆ."

"ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವ ನಿಮಗೆ?"

ಅವಳು ಸೆರಗಿನಿಂದ ಅಣ್ಣನ ಗಲ್ಲ ಒರೆಸಿದಳು.

"ರಾ ಅನ್ನಾ, ಕೂರ್ಚೋ," ಎಂದು ಮನೆಮಾತು ತೆಲುಗಿನಲ್ಲಿ ಅಣ್ಣನನ್ನು ಕೂರಲು ಕರೆದು ಚಾಪೆ ಹಾಸಿದಳು. ಆಮೇಲೆ ಕನ್ನಡದಲ್ಲಿ ಬೈಯತೊಡಗಿದಳು. "ಅವತ್ತು ಬಾಯಿ ಇತ್ತು, ಆಡ್ಲಿಲ್ಲ. ಈಗ ಬಾಯಿಲ್ಲ, ಬಂದು ಕುಂತಿದೀಯ. ನಾನು ಯಾರ ಹತ್ರ ಜಗಳ ಆಡ್ಲಿ?"

ಪಾತಣ್ಣ ಎಡಗೈಯಿಂದ ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ.

ನಾಲ್ಕಾಯಿತು, ಐದಾಯಿತು. ಹೊರಡೋಣವೆಂದು ಮಹಾಂತೇಶ ಎತ್ತಲು ಹೋದರೆ ಪಾತಣ್ಣ ಬಾಗಿಲ ಕಂಬ ಹಿಡಿದುಕೊಂಡ. "ಇರ್ಲಿ ಬಿಡು, ನನ್ನ ಅಣ್ಣ ಅಲ್ವಾ," ಎಂದಳು ಯರ್ರಮ್ಮ. ಮಹಾಂತೇಶ ಒಬ್ಬನೇ ಹಿಂದಿರುಗಿದ. ಸುದ್ದಿ ಕೇಳಿ ಕೆಂಚಕ್ಕ ಒಳಗೆ ಹೋದಳು. ಅಂದು ರಾತ್ರಿ ಉಣ್ಣಲಿಲ್ಲ. ಮೂರನೆಯ ದಿನ ಮಾತ್ರೆಗಳನ್ನೂ ಎರಡು ಸೀರೆಯನ್ನೂ ಚೀಲಕ್ಕೆ ತುರುಕಿಕೊಂಡು, "ಅವಳಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಅಂತ ಏನ್ ಗೊತ್ತಿರ್ತೈತೆ," ಎಂದಳು. ಗಾಡಿ ತೆಗೆಯುತ್ತೇನೆಂದರೂ ಕೇಳದೆ ಬಸ್ಸು ಹತ್ತಿದಳು.

ಹದಿನೈದು ದಿನ ಬಿಟ್ಟು ಮಹಾಂತೇಶ ಕುರಿ ಸಾಗಿಸುವ ಬಾಡಿಗೆಯ ಮೇಲೆ ಮಧ್ಯಾಹ್ನ ಆ ಕಡೆ ಹೋದಾಗ ಅಂಗಳದಲ್ಲಿ ನಿಂತು ನೋಡಿದ. ಇಬ್ಬರು ಹೆಂಗಸರು ಒಂದೇ ಮೊರದ ಎರಡು ಬದಿಗೆ ಕೂತು ಶೇಂಗಾ ಒಡೆಯುತ್ತಿದ್ದರು. ಕೊಟ್ಟ ಮಾತನ್ನು ಮೊದಲು ಮುರಿದವರು ಯಾರು ಎಂದು ಜಗಳ ನಡೆದಿತ್ತು. ಇಬ್ಬರೂ ಸೋಲುವ ಹಾಗೆ ಕಾಣಲಿಲ್ಲ. ಮಧ್ಯದಲ್ಲಿ ಚಾಪೆಯ ಮೇಲೆ ಪಾತಣ್ಣ ಬಾಯಿ ತೆರೆದು ಗಾಢ ನಿದ್ದೆ ಹೋಗಿದ್ದ.